ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಿ1, ಬಿ2, ಎ ಅಂಡ್ ಪಿ, ವರ್ಕ್‌ಶಾಪ್: ಯಾವ ದಾರಿ ಯಾರಿಗೆ?

ಏವಿಯಾನಿಕ್ಸ್ ಕಡೆ ಹೋಗಬೇಕೆಂದುಕೊಂಡವರು ಮೊದಲು ಕೇಳುವುದು ‘ಯಾವ ಕೋರ್ಸ್ ಸೇರಲಿ?’ ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ಕೆಲಸ ಮುಗಿದ ಮೇಲೆ ವಿಮಾನವನ್ನೋ ಅದರ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೋ ಸೇವೆಗೆ ಬಿಡುವ ಸಹಿ ಯಾರದ್ದು? ಬಡ್ತಿ, ಸಂಬಳ, ಪಾಳಿ, ಹೊಣೆ ಎಲ್ಲವೂ ಆ ಸಹಿಗೆ ತಗುಲಿಕೊಂಡಿವೆ. ಕೆಲವು ಕಡೆ ಸಹಿಗೆ ಬಲ ಕೊಡುವುದು ನಿಮ್ಮ ಹೆಸರಿನ ಲೈಸೆನ್ಸ್. ಕೆಲವು ಕಡೆ ಸಂಸ್ಥೆಗೆ ಸಿಕ್ಕ ಅನುಮೋದನೆ. ಲೈಸೆನ್ಸ್ ನೀವು ಹೋದಲ್ಲಿಗೆ ಬರುತ್ತದೆ. ಸಂಸ್ಥೆ ಕೊಟ್ಟ ಅಧಿಕಾರ ನೀವು ಕೆಲಸ ಬಿಟ್ಟ ದಿನ ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಕೆಲಸದ ಜಾಗ ಆರಿಸಿ, ಆಮೇಲೆ ಲೈಸೆನ್ಸ್, ಕೊನೆಗೆ ಕೋರ್ಸ್. ಈ ಕ್ರಮ ತಲೆಕೆಳಗಾದಾಗಲೇ ಜನ ಎರಡು ಮೂರು ವರ್ಷ ಕಳೆದುಕೊಳ್ಳುವುದು.

ಕೆಲಸದ ಜಾಗಗಳು

ಲೈನ್ ಅಂದರೆ ಏಪ್ರನ್ ಮೇಲಿನ ಕೆಲಸ. ವಿಮಾನ ಬಂದು ನಿಂತು ಮತ್ತೆ ಹೊರಡುವ ನಡುವೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಪೈಲಟ್ ಬರೆದ ದೋಷವನ್ನು ಸರಿಪಡಿಸಬೇಕು, ಇಲ್ಲವೇ ಎಂಇಎಲ್ (ಏನೇನು ಕೆಟ್ಟಿದ್ದರೂ ಹಾರಬಹುದೆಂಬ ಪಟ್ಟಿ) ನೋಡಿ ಮುಂದೂಡಬೇಕು. ಮುಂದೂಡಿದ್ದಕ್ಕೂ ಗಡುವಿದೆ: ಬಿ ವರ್ಗದ ದೋಷಕ್ಕೆ 3 ದಿನ, ಸಿ ವರ್ಗಕ್ಕೆ 10, ಡಿ ವರ್ಗಕ್ಕೆ 120, ದೋಷ ದಾಖಲಾದ ದಿನ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಬೇಕಾಗುವುದು ವೇಗವಾದ, ಶಿಸ್ತಿನ ತರ್ಕ. ಎಡಗಡೆಯ ವಿಎಚ್‌ಎಫ್ ರೇಡಿಯೋ ಬಿಟ್ಟು ಬಿಟ್ಟು ಕೆಲಸ ಮಾಡುತ್ತಿದೆ ಎಂದುಕೊಳ್ಳಿ. ಎಡ ಬಲದ ಪೆಟ್ಟಿಗೆಗಳನ್ನು ಅದಲು ಬದಲು ಮಾಡಿದಾಗ ದೋಷ ಪೆಟ್ಟಿಗೆಯ ಜೊತೆ ಬಲಕ್ಕೆ ಹೋದರೆ ಪೆಟ್ಟಿಗೆ ಕೆಟ್ಟಿದೆ; ಎಡದಲ್ಲೇ ಉಳಿದರೆ ತಂತಿ, ಕನೆಕ್ಟರ್, ಆಂಟೆನಾ ನೋಡಬೇಕು. ಆದರೆ ತಂತಿಯಲ್ಲಿ ಶಾರ್ಟ್ ಇದ್ದಾಗ ಅದಲು ಬದಲು ಮಾಡಿದರೆ ಚೆನ್ನಾಗಿದ್ದ ಪೆಟ್ಟಿಗೆಯೂ ಸುಡುತ್ತದೆ. ಅದಕ್ಕೇ ಅನುಭವಿಗಳು ಪೆಟ್ಟಿಗೆ ಎಳೆದ ತಕ್ಷಣ ರ‍್ಯಾಕ್‌ನ ಹಿಂದಿನ ಕನೆಕ್ಟರಿಗೆ ಟಾರ್ಚ್ ಹಿಡಿಯುತ್ತಾರೆ: ಒಳಕ್ಕೆ ಸರಿದ ಪಿನ್, ಹಸಿರು ತುಕ್ಕು, ನೀರಿನ ಕಲೆ. ಐದು ನಿಮಿಷದ ಈ ನೋಟ ತಪ್ಪಿದಾಗ ಅದೇ ವಿಮಾನಕ್ಕೆ ವಾರದಲ್ಲಿ ಮೂರು ಪೆಟ್ಟಿಗೆ ಬದಲಾಗುತ್ತವೆ, ಮೂರೂ ವರ್ಕ್‌ಶಾಪಿನಿಂದ ‘ದೋಷ ಕಂಡುಬಂದಿಲ್ಲ’ ಎಂಬ ಚೀಟಿಯೊಂದಿಗೆ ವಾಪಸ್ಸಾಗುತ್ತವೆ.

ಬೇಸ್ ಅಂದರೆ ಹ್ಯಾಂಗರ್. ಸಿ-ಚೆಕ್‌ನಂಥ ದೊಡ್ಡ ತಪಾಸಣೆಯಲ್ಲಿ ಮೇಲ್ಛಾವಣಿ, ನೆಲ, ಗೋಡೆಯ ಪ್ಯಾನೆಲ್‌ಗಳೆಲ್ಲ ಬಿಚ್ಚಿರುತ್ತವೆ. ತಂತಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಎಲ್ಲಿ ಕ್ಲ್ಯಾಂಪ್ ಸವೆದಿದೆ, ಬಾಂಡಿಂಗ್ ಜಂಪರ್ ಎಲ್ಲಿ ಕೂರುತ್ತದೆ ಎನ್ನುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಸಬರು ಮೊದಲ ಎರಡು ವರ್ಷ ಇಲ್ಲೇ ಕಳೆಯಲಿ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. ಲೈನ್‌ನಲ್ಲಿ ಒಂದೇ ಬಗೆಯ ಕೆಲಸ ನೂರು ಸಲ ಬರುತ್ತದೆ. ಹ್ಯಾಂಗರ್‌ನಲ್ಲಿ ಲಾಗ್‌ಬುಕ್ಕಿಗೆ ಬೇಕಾದ ವೈವಿಧ್ಯ ಸಿಗುತ್ತದೆ.

ವರ್ಕ್‌ಶಾಪ್‌ನ ಲೋಕವೇ ಬೇರೆ. ವಿಮಾನದಿಂದ ಬಿಚ್ಚಿ ತಂದ ಎಲ್‌ಆರ್‌ಯು, ಅಂದರೆ ಇಡಿಯಾಗಿ ಬದಲಿಸುವ ಪೆಟ್ಟಿಗೆ, ಬೆಂಚ್ ಮೇಲೆ ಕೂರುತ್ತದೆ. ತಯಾರಕರ ಸಿಎಂಎಂ ಕೈಪಿಡಿ ಪ್ರಕಾರ ಪರೀಕ್ಷೆ, ಕೆಟ್ಟ ಕಾರ್ಡ್ ಅಥವಾ ಬಿಡಿಭಾಗ ಹುಡುಕಾಟ, ಬೆಸುಗೆ, ಮರುಪರೀಕ್ಷೆ, ಬಿಡುಗಡೆ ಪತ್ರ. ಸರ್ಕ್ಯೂಟ್ ಮಟ್ಟದ ಎಲೆಕ್ಟ್ರಾನಿಕ್ಸ್ ಇಷ್ಟವಿದ್ದವರಿಗೆ ಇದೇ ಮನೆ. ಇಲ್ಲಿನ ದೊಡ್ಡ ಶತ್ರು ಸ್ಥಿರ ವಿದ್ಯುತ್. ಸುಮಾರು 3000 ವೋಲ್ಟ್‌ಗಿಂತ ಕೆಳಗಿನ ಡಿಸ್‌ಚಾರ್ಜ್ ಬೆರಳಿಗೆ ತಿಳಿಯುವುದೇ ಇಲ್ಲ, 100 ವೋಲ್ಟ್‌ಗೂ ಕಡಿಮೆಯಲ್ಲಿ ಹಾಳಾಗುವ ಚಿಪ್‌ಗಳಿವೆ. ಮಣಿಕಟ್ಟಿನ ಪಟ್ಟಿಯಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರುವುದು ನಿಮ್ಮ ರಕ್ಷಣೆಗೆ. ಪಟ್ಟಿಯನ್ನು ಪ್ರತಿ ಪಾಳಿಯ ಆರಂಭದಲ್ಲಿ ಟೆಸ್ಟರ್‌ಗೆ ಹಚ್ಚುವುದು ಚಿಪ್‌ನ ರಕ್ಷಣೆಗೆ. ಅರೆಬರೆ ಏಟು ತಿಂದ ಚಿಪ್ ಬೆಂಚ್ ಪರೀಕ್ಷೆಯಲ್ಲಿ ಪಾಸಾಗಿ, ಕೆಲವು ತಿಂಗಳ ನಂತರ ಹಾರಾಟದಲ್ಲಿ ಕೈಕೊಡುತ್ತದೆ. ಆ ಹೊತ್ತಿಗೆ ಕಾರಣ ಹುಡುಕಲು ಯಾರಿಗೂ ಸಾಧ್ಯವಾಗುವುದಿಲ್ಲ.

ನಾಲ್ಕನೆಯದು ಅಳವಡಿಕೆ: ಹಳೆಯ ವಿಮಾನಕ್ಕೆ ಹೊಸ ಡಿಸ್‌ಪ್ಲೇ, ವಿಮಾನದ ಗುರುತು ಮತ್ತು ಸ್ಥಾನ ಪ್ರಸಾರ ಮಾಡುವ ಎಡಿಎಸ್-ಬಿ ಟ್ರಾನ್ಸ್‌ಪಾಂಡರ್, ಉಪಗ್ರಹ ಇಂಟರ್‌ನೆಟ್, ಆಟೋಪೈಲಟ್ ಕೂರಿಸುವುದು. ಸಣ್ಣ ವಿಮಾನಗಳು ಮತ್ತು ಬಿಸಿನೆಸ್ ಜೆಟ್‌ಗಳ ಏವಿಯಾನಿಕ್ಸ್ ಅಂಗಡಿಗಳು ಬದುಕುವುದು ಇದರಿಂದಲೇ. ಇಲ್ಲಿ ಕೈಚಳಕವೇ ಬಂಡವಾಳ. 22 ಗೇಜಿನ ಒಂದು ತಂತಿಗೆ ಪಿನ್ ಕ್ರಿಂಪ್ ಮಾಡುವುದನ್ನೇ ನೋಡಿ. ಎಳೆ ಒಂದೂ ಕತ್ತರಿಸದಂತೆ ಸರಿಯಾದ ಉದ್ದಕ್ಕೆ ಹೊದಿಕೆ ಸುಲಿಯಬೇಕು. ಪಿನ್‌ಗೆ ಹೊಂದುವ ಪೊಸಿಷನರ್ ಹಾಕಿ, ತಂತಿಯ ಗೇಜಿಗೆ ತಕ್ಕ ಅಂಕಿಗೆ ಸೆಲೆಕ್ಟರ್ ತಿರುಗಿಸಬೇಕು. ಕ್ಯಾಲಿಬ್ರೇಷನ್ ದಿನಾಂಕ ದಾಟಿಲ್ಲವೆಂದು ನೋಡಿ, ಗೋ-ನೋಗೋ ಗೇಜ್‌ನಿಂದ ಉಪಕರಣ ಪರೀಕ್ಷಿಸಬೇಕು. ಒತ್ತಿದ ಮೇಲೆ ಪಿನ್‌ನ ತಪಾಸಣಾ ರಂಧ್ರದಲ್ಲಿ ತಾಮ್ರದ ಎಳೆಗಳು ಕಾಣಬೇಕು. ಕನೆಕ್ಟರಿಗೆ ತಳ್ಳಿದಾಗ ಕ್ಲಿಕ್ ಎಂದು ಕೂತು, ಮೆಲ್ಲಗೆ ಎಳೆದರೆ ಹೊರಬರಬಾರದು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ನೆಲದ ಮೇಲೆ ಮೀಟರ್ ಸರಿಯಾಗೇ ಓದುತ್ತದೆ. ಹಾರುವಾಗಿನ ಕಂಪನದಲ್ಲಿ, ಚಳಿಯಲ್ಲಿ ಸಂಪರ್ಕ ಬಿಡುತ್ತದೆ.

ಅಳವಡಿಕೆಯ ಹೊಣೆ ಎಷ್ಟು ದೊಡ್ಡದೆಂದು ತಿಳಿಯಲು 1998ರ ಸೆಪ್ಟೆಂಬರ್ 2ರ ಸ್ವಿಸ್‌ಏರ್ 111 ದುರಂತ ನೆನೆದರೆ ಸಾಕು. ಕಾಕ್‌ಪಿಟ್ ಮೇಲ್ಛಾವಣಿಯೊಳಗೆ ತಂತಿಯ ಆರ್ಕಿಂಗ್‌ನಿಂದ ಹುಟ್ಟಿದ ಬೆಂಕಿ ಸುಲಭವಾಗಿ ಹೊತ್ತಿಕೊಳ್ಳುವ ಉಷ್ಣನಿರೋಧಕ ಹೊದಿಕೆಗೆ ಹರಡಿ 229 ಜನ ಸತ್ತರು. ವಿಮಾನ ತಯಾರಾದ ನಂತರ ಅಳವಡಿಸಿದ ಮನರಂಜನಾ ಜಾಲದ ವಿದ್ಯುತ್ ಕೇಬಲ್‌ನಲ್ಲೂ ಆರ್ಕಿಂಗ್ ಗುರುತುಗಳು ಸಿಕ್ಕಿದವು. ತಂತಿಯನ್ನೂ ಒಂದು ಸ್ವತಂತ್ರ ವ್ಯವಸ್ಥೆಯೆಂದೇ ಪರಿಗಣಿಸಬೇಕು ಎನ್ನುವ ಇಂದಿನ ಇವಿಸ್ ತರಬೇತಿಯ ಹಿಂದೆ ಇಂಥ ಅಪಘಾತಗಳಿವೆ.

ಬಿ1 ಬೇಕೋ, ಬಿ2 ಬೇಕೋ

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಯಾಸಾದ ಲೈಸೆನ್ಸ್ ನಿಯಮ ಪಾರ್ಟ್-66, ಅದೇ ಅಚ್ಚಿನಲ್ಲಿ ರೂಪಿಸಿದ ಭಾರತದ ಡಿಜಿಸಿಎಯ ಸಿಎಆರ್-66, ಬ್ರಿಟನ್‌ನ ಪಾರ್ಟ್-66 ಎಲ್ಲದರಲ್ಲೂ ವಿಮಾನದ ಎಲೆಕ್ಟ್ರಾನಿಕ್ಸ್‌ಗೆ ಮೀಸಲಾದ ಲೈಸೆನ್ಸ್ ಬಿ2. ಸಂವಹನ, ನ್ಯಾವಿಗೇಷನ್, ಆಟೋಫ್ಲೈಟ್, ಉಪಕರಣ, ವಿದ್ಯುತ್ ಇವೆಲ್ಲದರ ದೋಷ ಶೋಧನೆಗೂ ಬಿಡುಗಡೆಗೂ ಬಿ2 ಸಹಿ ನಡೆಯುತ್ತದೆ. ಎಂಜಿನ್ ಮತ್ತು ಯಾಂತ್ರಿಕ ವ್ಯವಸ್ಥೆಗಳೊಳಗಿನ ಏವಿಯಾನಿಕ್ಸ್ ಕೆಲಸವನ್ನು ಸರಳ ಪರೀಕ್ಷೆಯಿಂದ ಖಚಿತಪಡಿಸಬಹುದಾದರೆ ಅದಕ್ಕೂ ನಡೆಯುತ್ತದೆ.

ಬಿ1 ಮೂಲತಃ ಯಾಂತ್ರಿಕ ಲೈಸೆನ್ಸ್: ದೇಹ, ಎಂಜಿನ್, ಯಾಂತ್ರಿಕ ವ್ಯವಸ್ಥೆ, ಜೊತೆಗೆ ವಿದ್ಯುತ್ ವ್ಯವಸ್ಥೆ. ಬಿ2 ಕಡೆ ಹೊರಟವರು ಸರಿಯಾಗಿ ಗಮನಿಸಬೇಕಾದ ಸಾಲು ಇದರಲ್ಲೇ ಇದೆ: ಸರಳ ಪರೀಕ್ಷೆ ಸಾಕಾಗುವ, ದೋಷ ಶೋಧನೆ ಬೇಡದ ಏವಿಯಾನಿಕ್ಸ್ ಕೆಲಸಕ್ಕೂ ಬಿ1 ಸಹಿ ಹಾಕಬಹುದು. ಪೆಟ್ಟಿಗೆ ತೆಗೆದು ಹೊಸದು ಹಾಕಿ, ಅದರೊಳಗಿನ ಬೈಟ್ ಸ್ವಯಂಪರೀಕ್ಷೆ ಒತ್ತಿ, ಹಸಿರು ದೀಪ ಬಂದರೆ ಮುಗಿಯಿತು ಎನ್ನುವಂಥ ಕೆಲಸ ಆಧುನಿಕ ವಿಮಾನಗಳಲ್ಲಿ ಬೇಕಾದಷ್ಟಿದೆ. ಹಾಗಾಗಿ ಲೈನ್ ಸ್ಟೇಷನ್‌ನಲ್ಲಿ ರಾತ್ರಿ ಪಾಳಿಗೆ ಒಬ್ಬರನ್ನೇ ಇಡಬೇಕಾದಾಗ ಸಂಸ್ಥೆ ಬಿ1 ಅನ್ನು ಆರಿಸುತ್ತದೆ. ಲೈನ್‌ನಲ್ಲಿ ಬಿ1 ಹುದ್ದೆಗಳು ಹೆಚ್ಚಿರುವುದು ಈ ಕಾರಣಕ್ಕೆ. ಬಿ2 ಓದಿದವರಿಗೆ ಇದು ಬೇಸರದ ಮಾತು, ಆದರೆ ಸೇರುವ ಮೊದಲೇ ತಿಳಿದಿರಬೇಕಾದ ಮಾತು.

ಬಿ2ವಿನ ಬಲ ಕಾಣುವುದು ಹಸಿರು ದೀಪ ಬಾರದಿದ್ದಾಗ. ಬೈಟ್ ಸಂದೇಶ ಒಂದು ಪೆಟ್ಟಿಗೆಯನ್ನು ತೋರಿಸುತ್ತದೆ, ದೋಷ ಇರುವುದು ಆ ಪೆಟ್ಟಿಗೆಗೆ ಡೇಟಾ ಕಳಿಸುವ ಇನ್ನೊಂದರಲ್ಲಿ. ಆಗ ಪೆಟ್ಟಿಗೆಗಳ ನಡುವೆ ಡೇಟಾ ಒಯ್ಯುವ ಅರಿಂಕ್ 429 ಸಾಲಿಗೆ ಡೇಟಾ ಅನಲೈಸರ್ ಹಚ್ಚಿ, 32 ಬಿಟ್ ಪದದಲ್ಲಿ ಲೇಬಲ್ ಬರುತ್ತಿದೆಯೇ, ಎಸ್‌ಎಸ್‌ಎಂ ಬಿಟ್‌ಗಳು ಡೇಟಾ ಸರಿಯಿದೆ ಎನ್ನುತ್ತಿವೆಯೇ, ಬೆಸ ಪ್ಯಾರಿಟಿ ಕೂಡುತ್ತಿದೆಯೇ ಎಂದು ಓದಬಲ್ಲವರು ಬೇಕು. ಅಂಥವರು ಯಾವ ಸಂಸ್ಥೆಯಲ್ಲೂ ಕಡಿಮೆ. ಬಿ2ಗೆ ಆರಂಭದ ಬಾಗಿಲು ಕಿರಿದು, ಒಳಗೆ ಹೋದ ಮೇಲಿನ ಬೇಡಿಕೆ ಗಟ್ಟಿ.

ಎರಡಕ್ಕೂ ಬೇಕಾದ ಅನುಭವ ಒಂದೇ. ತಾಂತ್ರಿಕ ಹಿನ್ನೆಲೆ ಇಲ್ಲದವರಿಗೆ 5 ವರ್ಷ, ಮಾನ್ಯವಾದ ಕುಶಲ ತರಬೇತಿ ಇದ್ದವರಿಗೆ 3, ಪಾರ್ಟ್-147 (ತರಬೇತಿ ಶಾಲೆಗಳ ನಿಯಮ) ಪ್ರಕಾರ ಅನುಮೋದಿತ ಕೋರ್ಸ್ ಮುಗಿಸಿದವರಿಗೆ 2. ಬಿ1ರಲ್ಲಿ ಈ ಲೆಕ್ಕ ಟರ್ಬೈನ್ ವಿಮಾನದ ಬಿ1.1ಕ್ಕೆ ಅನ್ವಯ, ಪಿಸ್ಟನ್ ವಿಮಾನದ ಬಿ1.2ಕ್ಕೆ ಕಡಿಮೆ ಸಾಕು. ಪರೀಕ್ಷೆಗಳಲ್ಲಿ ಗಣಿತ, ಭೌತಶಾಸ್ತ್ರ, ವಿದ್ಯುತ್, ಎಲೆಕ್ಟ್ರಾನಿಕ್ಸ್, ಡಿಜಿಟಲ್, ಸಾಮಗ್ರಿ, ನಿರ್ವಹಣೆ, ವಾಯುಬಲ, ಮಾನವ ಅಂಶ, ಕಾನೂನು ಎರಡಕ್ಕೂ ಉಂಟು, ಆಳ ಮಾತ್ರ ಬೇರೆ. ಅದರ ಮೇಲೆ ಬಿ1.1ಕ್ಕೆ 11, 15, 17ನೇ ಮಾಡ್ಯೂಲ್. ಬಿ2ಗೆ 13 ಮತ್ತು 14. ಬಿ2 ಅಭ್ಯರ್ಥಿಗಳು ಹೆಚ್ಚು ಒದ್ದಾಡುವುದು 13ರಲ್ಲಿ. ವಿಮಾನದ ಪ್ರತಿಯೊಂದು ವ್ಯವಸ್ಥೆಯೂ ಆ ಒಂದೇ ಮಾಡ್ಯೂಲ್‌ನೊಳಗಿದೆ. ಅದಕ್ಕೆ ಉಳಿದವುಗಳ ಎರಡರಷ್ಟು ಸಮಯ ಎತ್ತಿಡಿ.

ಸಣ್ಣ ವಿಮಾನಗಳಲ್ಲೇ ಇರಬೇಕೆನ್ನುವವರಿಗೆ 2018ರ ನಿಯಮ ತಿದ್ದುಪಡಿಯಿಂದ ಯುರೋಪಿನಲ್ಲಿ ಬಿ2ಎಲ್ ಬಂದಿದೆ. ಸಂವಹನ-ನ್ಯಾವಿಗೇಷನ್, ಉಪಕರಣ, ಆಟೋಫ್ಲೈಟ್, ಕಣ್ಗಾವಲು, ಏರ್‌ಫ್ರೇಮ್ ವ್ಯವಸ್ಥೆ ಇವುಗಳಲ್ಲಿ ಬೇಕಾದ ರೇಟಿಂಗ್ ಮಾತ್ರ ತೆಗೆದುಕೊಳ್ಳಬಹುದು. ಅಳವಡಿಕೆ ಅಂಗಡಿಯವರಿಗೆ ಇದು ಹೇಳಿ ಮಾಡಿಸಿದಂತಿದೆ. ದೊಡ್ಡ ಜೆಟ್‌ಗಳ ಕಡೆ ಹೋಗುವ ಆಸೆ ಚೂರಾದರೂ ಇದ್ದರೆ ಮಾತ್ರ ನೇರ ಬಿ2ಗೇ ಹೋಗಿ. ಬಿ2ಎಲ್ ಅಲ್ಲಿ ನಡೆಯುವುದಿಲ್ಲ.

ಅಮೆರಿಕದ ದಾರಿ

ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎಯ ಪದ್ಧತಿಯಲ್ಲಿ ಏವಿಯಾನಿಕ್ಸ್ ಲೈಸೆನ್ಸ್ ಎಂಬುದೇ ಇಲ್ಲ. ಇರುವುದು ಮೆಕ್ಯಾನಿಕ್ ಪ್ರಮಾಣಪತ್ರ, ಅದರ ಮೇಲೆ ಏರ್‌ಫ್ರೇಮ್ ಮತ್ತು ಪವರ್‌ಪ್ಲಾಂಟ್ ರೇಟಿಂಗ್, ಎಲ್ಲರ ಬಾಯಲ್ಲಿ ಎ ಅಂಡ್ ಪಿ. ಒಂದು ರೇಟಿಂಗ್‌ಗೆ 18 ತಿಂಗಳು, ಎರಡನ್ನೂ ಒಟ್ಟಿಗೆ ಪಡೆಯಲು 30 ತಿಂಗಳ ಅನುಭವ, ಇಲ್ಲವೇ ಮಾನ್ಯ ಶಾಲೆ. ಬರವಣಿಗೆ, ಮೌಖಿಕ, ಪ್ರಾಯೋಗಿಕ ಪರೀಕ್ಷೆ ಮೂರೂ ಉಂಟು; ಕನಿಷ್ಠ ವಯಸ್ಸು 18. ಆದರೆ ಎ ಅಂಡ್ ಪಿ ಕೈಲಿದ್ದರೂ ಉಪಕರಣಗಳ (ಮಾಪಕಗಳ) ರಿಪೇರಿ ಮಾಡುವಂತಿಲ್ಲ, ಅದು ಅನುಮೋದನೆ ಪಡೆದ ರಿಪೇರಿ ಸಂಸ್ಥೆ, ಅಂದರೆ ರಿಪೇರ್ ಸ್ಟೇಷನ್‌ನ ಕೆಲಸ. ಐಎಫ್‌ಆರ್ (ಮಾಪಕಗಳನ್ನೇ ನೆಚ್ಚಿದ) ಹಾರಾಟಕ್ಕೆ 24 ತಿಂಗಳಿಗೊಮ್ಮೆ ಬೇಕಾದ ಆಲ್ಟಿಮೀಟರ್ ಪರೀಕ್ಷೆ, 24 ತಿಂಗಳಿಗೊಮ್ಮೆ ಬೇಕಾದ ಟ್ರಾನ್ಸ್‌ಪಾಂಡರ್ ಪರೀಕ್ಷೆ ಇವೂ ಒಬ್ಬ ಮೆಕ್ಯಾನಿಕ್‌ನ ಕೈಯಲ್ಲಿಲ್ಲ. ಏರ್‌ಫ್ರೇಮ್ ರೇಟಿಂಗ್ ಇದ್ದವರು ಸ್ಟ್ಯಾಟಿಕ್ (ಸುತ್ತಲಿನ ಗಾಳಿಯ) ಒತ್ತಡ ವ್ಯವಸ್ಥೆಯ ಪರೀಕ್ಷೆಯಷ್ಟನ್ನು ಮಾಡಬಹುದು.

ಹಾಗಾಗಿ ಅಲ್ಲಿನ ಏವಿಯಾನಿಕ್ಸ್ ಟೆಕ್ನಿಷಿಯನ್ ಪ್ರಾಯಶಃ ರಿಪೇರ್ ಸ್ಟೇಷನ್‌ನಲ್ಲಿ ಯಾವ ಪ್ರಮಾಣಪತ್ರವೂ ಇಲ್ಲದೆ, ಮೇಲ್ವಿಚಾರಣೆಯಲ್ಲಿ ಕೆಲಸ ಶುರುಮಾಡುತ್ತಾರೆ. ಮುಂದೆ ರಿಪೇರ್‌ಮನ್ ಪ್ರಮಾಣಪತ್ರ ಸಿಗಬಹುದು: ಆ ನಿರ್ದಿಷ್ಟ ಕೆಲಸದಲ್ಲಿ 18 ತಿಂಗಳ ಅನುಭವ ಅಥವಾ ಔಪಚಾರಿಕ ತರಬೇತಿ, ಜೊತೆಗೆ ಸಂಸ್ಥೆಯ ಶಿಫಾರಸು. ಇದು ಆ ಸಂಸ್ಥೆಯ ಆ ಕೆಲಸಕ್ಕಷ್ಟೇ ಸೀಮಿತ. ಮೇಲ್ವಿಚಾರಕರಾಗಲು, ಬಿಡುಗಡೆ ಸಹಿ ಹಾಕಲು ಇದೋ ಮೆಕ್ಯಾನಿಕ್ ಪ್ರಮಾಣಪತ್ರವೋ ಇರಲೇಬೇಕು. ರಿಪೇರ್‌ಮನ್ ನಂಬಿ ಹತ್ತು ವರ್ಷ ಒಂದೇ ಕಡೆ ಇದ್ದವರು ಕೆಲಸ ಬದಲಿಸುವಾಗ ಮತ್ತೆ ಮೊದಲ ಮೆಟ್ಟಿಲಿನಿಂದ ಹತ್ತಬೇಕಾಗುತ್ತದೆ. ಕೆಲಸ ಮಾಡುತ್ತಲೇ ಕನಿಷ್ಠ ಏರ್‌ಫ್ರೇಮ್ ರೇಟಿಂಗ್ ಪಡೆದುಕೊಳ್ಳುವುದು ಜಾಣತನ.

ರೇಡಿಯೋ ಟ್ರಾನ್ಸ್‌ಮಿಟರ್ ಒಳಗೆ ಕೈ ಹಾಕುವವರಿಗೆ ಸಂವಹನ ಆಯೋಗ ಎಫ್‌ಸಿಸಿಯ ಜಿಆರ್‌ಒಎಲ್ ಎಂಬ ರೇಡಿಯೋ ಲೈಸೆನ್ಸ್ ಬೇಕು. ಎಲಿಮೆಂಟ್ 1ರಲ್ಲಿ 24 ಪ್ರಶ್ನೆಗೆ 18, ಎಲಿಮೆಂಟ್ 3ರಲ್ಲಿ 100ಕ್ಕೆ 75 ಸರಿಯಿರಬೇಕು. ಒಮ್ಮೆ ಪಡೆದರೆ ಜೀವನಪೂರ್ತಿ. ಖರ್ಚಿಗೂ ಶ್ರಮಕ್ಕೂ ಹೋಲಿಸಿದರೆ ಅಮೆರಿಕದಲ್ಲಿ ಇದಕ್ಕಿಂತ ಲಾಭದ ಪರೀಕ್ಷೆ ಸಿಗದು. ಎನ್‌ಕ್ಯಾಟ್‌ನ ಎಇಟಿ (ವಿಮಾನ ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್) ಪ್ರಮಾಣಪತ್ರ ಉದ್ಯೋಗದಾತರಿಗೆ ನಿಮ್ಮ ಮೂಲಜ್ಞಾನ ತೋರಿಸುತ್ತದೆ, ಸಹಿಯ ಹಕ್ಕು ಕೊಡುವುದಿಲ್ಲ.

ಕೆನಡಾ ಈ ಎರಡರ ನಡುವೆ ನಿಲ್ಲುತ್ತದೆ. ಅಲ್ಲಿನ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಲೈಸೆನ್ಸ್‌ನಲ್ಲಿ ಎಂ1, ಎಂ2, ಇ, ಎಸ್ ಎಂಬ ರೇಟಿಂಗ್‌ಗಳಿದ್ದು, ಇ ಎಂದರೆ ನೇರವಾಗಿ ಏವಿಯಾನಿಕ್ಸ್. ಒಟ್ಟು 48 ತಿಂಗಳ ಅನುಭವ ಬೇಕು, ಮಾನ್ಯ ತರಬೇತಿಯ ಅವಧಿಗೆ ವಿನಾಯಿತಿ ಸಿಗುತ್ತದೆ.

ಒಂದು ದೇಶದ ಲೈಸೆನ್ಸ್ ಇನ್ನೊಂದರಲ್ಲಿ ತಾನಾಗಿ ನಡೆಯುತ್ತದೆಂದು ನಂಬಿ ಸೇರುವವರು ತುಂಬ ಜನ. ಸಿಎಆರ್-66 ಮತ್ತು ಪಾರ್ಟ್-66 ಪಠ್ಯ ಒಂದೇ ತರಹ ಇದ್ದರೂ ಲೈಸೆನ್ಸ್ ಬೇರೆ ಬೇರೆ. ಅಮೆರಿಕ ಮತ್ತು ಯುರೋಪಿನ ನಡುವಿನ ದ್ವಿಪಕ್ಷೀಯ ಒಪ್ಪಂದ ನಿರ್ವಹಣಾ ಸಂಸ್ಥೆಗಳನ್ನು ಪರಸ್ಪರ ಒಪ್ಪಿಕೊಳ್ಳುತ್ತದೆ, ವ್ಯಕ್ತಿಗಳ ಲೈಸೆನ್ಸನ್ನಲ್ಲ. 2021ರ ಜನವರಿ 1ರಿಂದ ಬ್ರಿಟನ್ ಕೊಟ್ಟ ಲೈಸೆನ್ಸ್ ಯುರೋಪಿನಲ್ಲಿ ಸಿಂಧುವಲ್ಲ. ಹೊರದೇಶದ ಯೋಚನೆ ಇದ್ದರೆ ಆ ಪ್ರಾಧಿಕಾರದ ಪರೀಕ್ಷೆಗಳನ್ನೇ ಮೊದಲಿನಿಂದ ಕಟ್ಟುವುದು ನೇರ ದಾರಿ.

ಕೋರ್ಸೋ, ಸ್ವಂತ ಓದೋ, ಸೇನೆಯೋ

ಅನುಮೋದಿತ ಪಾರ್ಟ್-147 ಕೋರ್ಸ್ ಬಿ1.1 ಮತ್ತು ಬಿ2 ಎರಡಕ್ಕೂ ಕನಿಷ್ಠ 2400 ಗಂಟೆ. ಅದರಲ್ಲಿ ತರಗತಿ ಪಾಠ ಶೇ 50ರಿಂದ 60, ಉಳಿದದ್ದು ಕೈಕೆಲಸ. ಇದರ ಲಾಭ ಸ್ಪಷ್ಟ: ಅನುಭವದ ಅವಧಿ 2 ವರ್ಷಕ್ಕೆ ಇಳಿಯುತ್ತದೆ. ಆದರೆ ‘ಅನುಮೋದಿತ’ ಎಂಬ ಪದ ಯಾವುದಕ್ಕೆ ಅನ್ವಯಿಸುತ್ತದೆ ಎಂದು ನೋಡಿ. ಶಾಲೆಗೆ ಬಿ1.1 ಅನುಮೋದನೆ ಇದ್ದು ಬಿ2ಗೆ ಇಲ್ಲದಿರಬಹುದು. ಅನುಮೋದನಾ ಪತ್ರದ ವ್ಯಾಪ್ತಿಯ ಪುಟದಲ್ಲಿ ಬಿ2 ಎಂದು ಬರೆದಿದೆಯೇ ಎಂದು ಕಣ್ಣಾರೆ ಓದಿದ ಮೇಲೆ ಹಣ ಕಟ್ಟಿ. ನಂತರ ಕೇಳಬೇಕಾದ್ದು: ಪ್ರಾಯೋಗಿಕ ಗಂಟೆಗಳು ಯಾವ ವಿಮಾನದ ಮೇಲೆ? ಅದಕ್ಕೆ ಪವರ್ ಕೊಡಲು ಆಗುತ್ತದೆಯೇ? ವೇಗ ಮತ್ತು ಎತ್ತರದ ಮಾಪಕಗಳಿಗೆ ಒತ್ತಡ ಕೊಟ್ಟು ನೋಡುವ ಪಿಟೋ-ಸ್ಟ್ಯಾಟಿಕ್ ಟೆಸ್ಟ್ ಸೆಟ್, ರ‍್ಯಾಂಪ್ ಟೆಸ್ಟರ್, ಡೇಟಾ ಬಸ್ ಅನಲೈಸರ್ ವಿದ್ಯಾರ್ಥಿಗಳ ಕೈಗೆ ಸಿಗುತ್ತವೆಯೇ, ಗಾಜಿನ ಕಪಾಟಿನಲ್ಲಿವೆಯೇ? ಕೋರ್ಸ್ ಮುಗಿದ ಮೇಲಿನ 2 ವರ್ಷದ ಅನುಭವಕ್ಕೆ ಯಾವ ನಿರ್ವಹಣಾ ಸಂಸ್ಥೆಯೊಂದಿಗೆ ಲಿಖಿತ ಒಪ್ಪಂದವಿದೆ? ಕೊನೆಯ ಪ್ರಶ್ನೆಗೆ ತಡಬಡಿಸಿದರೆ ಎದ್ದು ಬನ್ನಿ. ಎಲ್ಲ ಮಾಡ್ಯೂಲ್ ಪಾಸಾಗಿ, ವಿಮಾನ ಮುಟ್ಟಲು ಜಾಗವಿಲ್ಲದೆ ಕುಳಿತವರೇ ಈ ವೃತ್ತಿಯಲ್ಲಿ ಅತಿ ಹೆಚ್ಚು ನೊಂದವರು.

ಸ್ವಂತ ಓದಿನ ದಾರಿ ಈಗಾಗಲೇ ಹ್ಯಾಂಗರ್ ಒಳಗೆ ಸಹಾಯಕರಾಗಿ ಇರುವವರಿಗೆ ಹೊಂದುತ್ತದೆ. ಸಂಬಳ ಬರುತ್ತಿರುತ್ತದೆ, ಅನುಭವ ಜಮೆಯಾಗುತ್ತಿರುತ್ತದೆ, ಮಾಡ್ಯೂಲ್‌ಗಳನ್ನು ಒಂದೊಂದಾಗಿ ಮುಗಿಸಬಹುದು. ಉತ್ತೀರ್ಣಕ್ಕೆ ಶೇ 75 ಬೇಕು; ಬಹುಆಯ್ಕೆ ಪ್ರಶ್ನೆಗೆ ಸರಾಸರಿ 75 ಸೆಕೆಂಡ್, ಮೂರು ಆಯ್ಕೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಇಯಾಸಾ ನಿಯಮದಲ್ಲಿ ಫೇಲಾದ ಮಾಡ್ಯೂಲ್‌ಗೆ ಮತ್ತೆ ಕೂರಲು ಸಾಮಾನ್ಯವಾಗಿ 90 ದಿನ ಕಾಯಬೇಕು. ಪಾಸಾದ ಮಾಡ್ಯೂಲ್‌ಗೂ ಆಯುಷ್ಯವಿದೆ: ಲೈಸೆನ್ಸ್‌ಗೆ ಅರ್ಜಿ ಹಾಕುವ ಹಿಂದಿನ 10 ವರ್ಷದೊಳಗಿನದಾಗಿರಬೇಕು. ಮದುವೆ, ಮನೆ, ಪಾಳಿ ಎಂದು ಮುಂದೂಡುತ್ತ ಹೋದವರಿಗೆ ಮೊದಲ ಮಾಡ್ಯೂಲ್‌ಗಳು ಕೈತಪ್ಪುವುದು ಹೀಗೆ. ಓದುವ ಕ್ರಮದ ಬಗ್ಗೆ ಒಂದು ಸಲಹೆ: ವಿದ್ಯುತ್, ಎಲೆಕ್ಟ್ರಾನಿಕ್ಸ್, ಡಿಜಿಟಲ್ ಅಂದರೆ 3, 4, 5 ಇವನ್ನು ಒಂದರ ಹಿಂದೆ ಒಂದು ಬರೆಯಿರಿ, ಆ ಬಿಸಿ ಆರುವ ಮೊದಲೇ 13ಕ್ಕೆ ಕೈ ಹಾಕಿ. ಕಾನೂನಿನ 10ನೇ ಮಾಡ್ಯೂಲ್ ಕೊನೆಗಿರಲಿ, ಆ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ.

ಸೇನೆಯಿಂದ ಬರುವವರ ಕೈ ಪಳಗಿರುತ್ತದೆ, ಕಾಗದ ಹೊಸದಾಗಿರುತ್ತದೆ. ಸೇನಾ ವಿಮಾನಗಳ ಡೇಟಾ ಸಾಲಾದ ಮಿಲ್-1553 ಬಸ್‌ನಲ್ಲಿ ಹತ್ತು ವರ್ಷ ದುಡಿದವರಿಗೆ ಅರಿಂಕ್ ಕಲಿಯಲು ಒಂದು ವಾರ ಸಾಕು. ನಾಗರಿಕ ನಿರ್ವಹಣೆಯ ದಾಖಲೆ, ಎಂಇಎಲ್, ಬಿಡುಗಡೆ ಪತ್ರದ ಪದ್ಧತಿ ಕಲಿಯಲು ತಿಂಗಳುಗಳು ಬೇಕು. ಇಯಾಸಾ ಪದ್ಧತಿಯಲ್ಲಿ ಸೇನಾ ಅನುಭವವನ್ನು ಲೆಕ್ಕಕ್ಕೆ ಹಿಡಿದರೂ ಬಿ1, ಬಿ2ಗೆ ಕನಿಷ್ಠ 12 ತಿಂಗಳ ನಾಗರಿಕ ವಿಮಾನ ನಿರ್ವಹಣೆ ಹೆಚ್ಚುವರಿಯಾಗಿ ಕೇಳುತ್ತಾರೆ. ಸೇವೆ ಬಿಡುವ ಮೊದಲೇ ಮಾಡಿದ ಕೆಲಸಗಳ ದೃಢೀಕೃತ ಪಟ್ಟಿ ಪಡೆದುಕೊಳ್ಳಿ, ಆಮೇಲೆ ಅದು ಸಿಗುವುದು ಕಷ್ಟ.

ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಇದ್ದವರಿಗೆ ವರ್ಕ್‌ಶಾಪ್ ಸುಲಭದ ಬಾಗಿಲು. ಇಯಾಸಾ ಪದ್ಧತಿಯಲ್ಲಿ ಬಿಡಿಭಾಗ ಬಿಡುಗಡೆ ಮಾಡುವವರಿಗೆ ಪಾರ್ಟ್-66 ಲೈಸೆನ್ಸ್ ಬೇಕಿಲ್ಲ. ಪಾರ್ಟ್-145 ಅನುಮೋದನೆ ಇರುವ ನಿರ್ವಹಣಾ ಸಂಸ್ಥೆ ತನ್ನ ತರಬೇತಿ, ಮೌಲ್ಯಮಾಪನದ ಆಧಾರದ ಮೇಲೆ ಅಧಿಕಾರ ಕೊಡುತ್ತದೆ. ಹೀಗೆ ಬೇಗ ಸಹಿ ಸಿಗುತ್ತದೆ, ಆದರೆ ಮೊದಲೇ ಹೇಳಿದಂತೆ ಆ ಸಹಿ ನಿಮ್ಮ ಜೊತೆ ಬರುವುದಿಲ್ಲ. ಬೆಸುಗೆಯ ಜೆ-ಸ್ಟ್ಯಾಂಡರ್ಡ್-001, ಜೋಡಣೆಯ ಐಪಿಸಿ-610 ಪ್ರಮಾಣಪತ್ರಗಳು ಬರುತ್ತವೆ. ವರ್ಕ್‌ಶಾಪ್‌ನವರು ಇವನ್ನು ಸ್ವಂತ ಖರ್ಚಿನಲ್ಲಾದರೂ ಮಾಡಿಕೊಳ್ಳಲಿ.

ಟೈಪ್ ರೇಟಿಂಗ್ ಯಾವಾಗ

ಬಿ2 ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ದೊಡ್ಡ ಜೆಟ್ಟನ್ನು ಬಿಡುಗಡೆ ಮಾಡಲಾಗದು. ಆ ಮಾದರಿಯ ಟೈಪ್ ರೇಟಿಂಗ್ ಬೇಕು, ಅದರ ಮೇಲೆ ಸಂಸ್ಥೆಯ ಅಧಿಕಾರಪತ್ರವೂ ಬೇಕು. 30,000 ಕಿಲೋಗಿಂತ ಹೆಚ್ಚು ತೂಕದ ವಿಮಾನಕ್ಕೆ ಪಾಠದ ಭಾಗವೇ ಬಿ1.1ಕ್ಕೆ ಕನಿಷ್ಠ 150 ಗಂಟೆ, ಬಿ2ಗೆ 100. ಆಮೇಲೆ ಪ್ರಾಯೋಗಿಕ ಭಾಗ. ಆ ವರ್ಗದ ಮೊದಲ ರೇಟಿಂಗ್ ಆದರೆ ಮೇಲ್ವಿಚಾರಣೆಯಲ್ಲಿ ನಿಜವಾದ ವಿಮಾನದ ಮೇಲೆ ಒಜೆಟಿ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ಕೂಡ ಕಡ್ಡಾಯ.

ಲೈಸೆನ್ಸ್ ಬರುವ ಮುಂಚೆಯೇ ಸ್ವಂತ ದುಡ್ಡಿನಲ್ಲಿ ಟೈಪ್ ಕೋರ್ಸ್ ಮಾಡಿಕೊಂಡರೆ ಕೆಲಸ ಬೇಗ ಸಿಗುತ್ತದೆ ಎನ್ನುವ ಮಾತಿಗೆ ಮರುಳಾಗಬೇಡಿ. ಒಜೆಟಿಗೆ ವಿಮಾನ ಒದಗಿಸುವ ಸಂಸ್ಥೆ ಇಲ್ಲದೆ ಮೊದಲ ರೇಟಿಂಗ್ ಲೈಸೆನ್ಸ್ ಮೇಲೆ ಏರುವುದೇ ಇಲ್ಲ. ಆ ಸಂಸ್ಥೆ ಸಿಕ್ಕರೆ ಕೋರ್ಸ್ ಕೊಡಿಸುವವರು ಹೆಚ್ಚಾಗಿ ಅವರೇ. ಇನ್ನು ರೇಟಿಂಗ್ ಇದ್ದೂ ಕೆಲಸ ಮಾಡದಿದ್ದರೆ ಸಹಿಯ ಹಕ್ಕು ನಿಲ್ಲುತ್ತದೆ: ಹಿಂದಿನ 2 ವರ್ಷದಲ್ಲಿ 6 ತಿಂಗಳ ನಿರ್ವಹಣಾ ಅನುಭವ ತೋರಿಸಬೇಕು. ಲೈಸೆನ್ಸ್ ಪುಸ್ತಕವನ್ನೂ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಏಳೆಂಟು ವರ್ಷದ ನಂತರದ ಕವಲುಗಳು

ಬಿ2 ಜೊತೆಗೆ ಬಿ1.1 ಸೇರಿಸುವುದು ಬಹಳ ಜನ ಹಿಡಿಯುವ ದಾರಿ. ಪರೀಕ್ಷೆಯ ವ್ಯತ್ಯಾಸದ ಭಾಗ ಮತ್ತು 1 ವರ್ಷದ ಅನುಭವ ಸಾಕು. ಸಂಬಂಧಿಸಿದ ಅನುಮೋದಿತ ಕೋರ್ಸ್ ಮಾಡಿದರೆ ಅದೂ ಅರ್ಧವಾಗುತ್ತದೆ. ಎರಡೂ ಇದ್ದವರು ಸಣ್ಣ ಸ್ಟೇಷನ್‌ನಲ್ಲಿ ಒಬ್ಬರೇ ನಿಂತು ವಿಮಾನ ಬಿಡಬಲ್ಲರು. ಲೈನ್‌ನಲ್ಲೇ ಮುಂದುವರಿಯುವವರಿಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ಇಲ್ಲ.

ಸಿ ವರ್ಗದ ಲೈಸೆನ್ಸ್ ಹ್ಯಾಂಗರ್‌ನವರಿಗೆ. ಇಡೀ ಬೇಸ್ ತಪಾಸಣೆ ಮುಗಿದ ಮೇಲೆ ವಿಮಾನವನ್ನು ಒಟ್ಟಾಗಿ ಬಿಡುಗಡೆ ಮಾಡುವ ಸಹಿ ಅದು. ದೊಡ್ಡ ವಿಮಾನಗಳಲ್ಲಿ ಬಿ1.1 ಅಥವಾ ಬಿ2 ಹಕ್ಕನ್ನು ಚಲಾಯಿಸಿದ 3 ವರ್ಷ ಬೇಕು. ಪದವೀಧರರಿಗೂ ದಾರಿಯಿದೆ: 6 ತಿಂಗಳ ಬೇಸ್ ನಿರ್ವಹಣೆಯ ವೀಕ್ಷಣೆ ಸೇರಿದಂತೆ 3 ವರ್ಷದ ನಾಗರಿಕ ಅನುಭವ. ಆದರೆ ಸ್ವತಃ ಕೈ ಎಣ್ಣೆಯಾಗದೆ ಸಿ ಪಡೆದವರಿಗೆ ಕೆಳಗಿನ ಬಿ1, ಬಿ2ಗಳ ವಿಶ್ವಾಸ ಗಳಿಸಲು ತುಂಬ ಸಮಯ ಹಿಡಿಯುತ್ತದೆ.

ಇವಲ್ಲದೆ ನಿರ್ವಹಣಾ ನಿಯಂತ್ರಣ ಕೊಠಡಿ, ಟೆಕ್ನಿಕಲ್ ಸರ್ವಿಸಸ್, ಎಸ್‌ಟಿಸಿ (ವಿಮಾನದ ಮಾರ್ಪಾಡಿಗೆ ಸಿಗುವ ಅನುಮೋದನೆ) ವಿನ್ಯಾಸ, ಗುಣಮಟ್ಟ ಪರಿಶೋಧನೆ, ಬೋಧನೆ ಇವೆ. ವಿನ್ಯಾಸದ ಕಡೆ ಅಳವಡಿಕೆಯಿಂದ ಬಂದವರು ಮಿಂಚುತ್ತಾರೆ, ವಿದ್ಯುತ್ ಹೊರೆ ಲೆಕ್ಕಾಚಾರ ಮತ್ತು ತಂತಿ ಮಾರ್ಗ ಅವರಿಗೆ ಅಂಗೈ ಗೆರೆ. ನಿಯಂತ್ರಣ ಕೊಠಡಿಗೆ ಲೈನ್ ಬಿ2ಗಳೇ ಬೇಕು. ಫೋನಿನಲ್ಲಿ ದೂರದ ಸ್ಟೇಷನ್‌ನ ಮಾತು ಕೇಳಿ ದೋಷ ಊಹಿಸುವ ಕೆಲಸ ಪುಸ್ತಕದಿಂದ ಬರುವುದಿಲ್ಲ.

ಸಹಿ ಹಾಕುವ ಮೊದಲು ಕೈಗೆ ಬರಬೇಕಾದ ಒಂದು ಕೆಲಸ

ಯಾವ ದಾರಿ ಹಿಡಿದರೂ ಪಿಟೋ-ಸ್ಟ್ಯಾಟಿಕ್ ಪರೀಕ್ಷೆಯನ್ನು ಚೆನ್ನಾಗಿ ಕಲಿಯಿರಿ. ಸಂದರ್ಶನದಲ್ಲೂ ಕೆಲಸದಲ್ಲೂ ಮನುಷ್ಯನ ಶಿಸ್ತನ್ನು ಅಳೆಯಲು ಇದನ್ನೇ ಕೇಳುತ್ತಾರೆ. ಪಿಟೋ ಒತ್ತಡ (ಎದುರುಗಾಳಿಯದು) ಯಾವ ಕ್ಷಣದಲ್ಲೂ ಸ್ಟ್ಯಾಟಿಕ್‌ಗಿಂತ ಕೆಳಗಿಳಿಯಬಾರದು. ಇಳಿದರೆ ವೇಗಮಾಪಕದ ಒಳಗಿನ ಕ್ಯಾಪ್ಸೂಲ್‌ಗೆ ಹಾನಿ. ನಿರ್ವಾತವನ್ನು ಮಿತಿಮೀರಿದ ವೇಗದಲ್ಲಿ ಎಳೆದರೆ ಏರಿಳಿಯುವ ವೇಗ ತೋರಿಸುವ ವಿಎಸ್‌ಐ ಕೆಡುತ್ತದೆ. ಅಮೆರಿಕದ ನಿಯಮದಲ್ಲಿ ಒತ್ತಡೀಕರಣವಿಲ್ಲದ ವಿಮಾನಕ್ಕೆ ಸುಮಾರು 1 ಇಂಚು ಪಾದರಸದ ವ್ಯತ್ಯಾಸ ಕೊಟ್ಟು ನಿಲ್ಲಿಸಿದಾಗ ಸೋರಿಕೆ ನಿಮಿಷಕ್ಕೆ 100 ಅಡಿ ಮೀರಬಾರದು. ಅಡಾಪ್ಟರ್ ಬಿಚ್ಚುವ ಮುನ್ನ ಎರಡೂ ಸಾಲುಗಳನ್ನು ನೆಲದ ಒತ್ತಡಕ್ಕೆ ನಿಧಾನವಾಗಿ ತನ್ನಿ. ಪರೀಕ್ಷೆಯ ಹೊತ್ತಿನಲ್ಲಿ ಟ್ರಾನ್ಸ್‌ಪಾಂಡರ್ ಸ್ಟ್ಯಾಂಡ್‌ಬೈಯಲ್ಲಿರಲಿ. ಇಲ್ಲದಿದ್ದರೆ ನೆಲದ ಮೇಲೆ ನಿಂತ ವಿಮಾನ ‘30,000 ಅಡಿಯಲ್ಲಿದ್ದೇನೆ’ ಎಂದು ಪ್ರಸಾರ ಮಾಡುತ್ತದೆ, ಮೇಲೆ ಹಾರುತ್ತಿರುವ ನಿಜವಾದ ವಿಮಾನದ ಟಿಕ್ಯಾಸ್ (ಡಿಕ್ಕಿ ತಪ್ಪಿಸುವ ಸಾಧನ) ಪೈಲಟ್‌ಗೆ ಸುಳ್ಳು ಎಚ್ಚರಿಕೆ ಕೊಡಬಹುದು. ಟ್ರಾನ್ಸ್‌ಪಾಂಡರ್‌ನ್ನೇ ಪರೀಕ್ಷಿಸಬೇಕಿದ್ದರೆ ಆಂಟೆನಾಗೆ ಕವಚ ಹಾಕಿ.

ಮುಗಿದ ಮೇಲೆ ಎಷ್ಟು ಕವರ್, ಎಷ್ಟು ಟೇಪ್, ಎಷ್ಟು ಪ್ಲಗ್ ಹಾಕಿದ್ದಿರಿ ಎಂದು ಎಣಿಸಿ ಅಷ್ಟನ್ನೂ ತೆಗೆಯಿರಿ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 603 ವಿಮಾನದಲ್ಲಿ, ತೊಳೆಯುವಾಗ ಸ್ಟ್ಯಾಟಿಕ್ ರಂಧ್ರಗಳಿಗೆ ಅಂಟಿಸಿದ್ದ ಟೇಪ್ ಹಾಗೆಯೇ ಉಳಿದಿತ್ತು. ಎತ್ತರವೂ ವೇಗವೂ ಸುಳ್ಳಾದವು, 70 ಜನ ಸತ್ತರು. ಆ ಟೇಪ್ ಕಂಡುಹಿಡಿಯಲು ಯಾವ ಲೈಸೆನ್ಸೂ ಬೇಕಿರಲಿಲ್ಲ, ವಿಮಾನದ ಸುತ್ತ ಒಮ್ಮೆ ಗಮನವಿಟ್ಟು ನಡೆದಿದ್ದರೆ ಸಾಕಿತ್ತು.

ಈ ಕೆಲಸ ಮಾಡಿದ ದಿನವೇ ಲಾಗ್‌ಬುಕ್ ಬರೆಯಿರಿ: ದಿನಾಂಕ, ಸ್ಥಳ, ವಿಮಾನದ ಮಾದರಿ ಮತ್ತು ನೋಂದಣಿ, ಎಟಿಎ ಅಧ್ಯಾಯ (ವಿಮಾನದ ಪ್ರತಿ ವ್ಯವಸ್ಥೆಗೆ ಕೊಟ್ಟ ಸಂಖ್ಯೆ; 34 ಎಂದರೆ ನ್ಯಾವಿಗೇಷನ್), ಕೆಲಸದ ಕಾರ್ಡ್ ಸಂಖ್ಯೆ, ನೀವು ಮಾಡಿದ್ದೇನು, ಮೇಲ್ವಿಚಾರಕರ ಹೆಸರು, ಸಹಿ, ಲೈಸೆನ್ಸ್ ಅಥವಾ ಅಧಿಕಾರಪತ್ರ ಸಂಖ್ಯೆ. ‘ನ್ಯಾವಿಗೇಷನ್ ಕೆಲಸ’ ಎಂದು ಬರೆದ ಸಾಲು ಪ್ರಾಧಿಕಾರದ ಮೇಜಿನಲ್ಲಿ ಬಿದ್ದುಹೋಗುತ್ತದೆ. ‘34-11, ಎಡಗಡೆ ಏರ್ ಡೇಟಾ ಮಾಡ್ಯೂಲ್ ಬದಲಿಕೆ, ಸೋರಿಕೆ ಪರೀಕ್ಷೆ’ ಎಂದು ಬರೆದದ್ದು ನಿಲ್ಲುತ್ತದೆ. ಎಲ್ಲ ಸಾಲುಗಳೂ 34ರಲ್ಲೇ ತುಂಬಿದ್ದರೂ ಅರ್ಜಿ ವಾಪಸ್ಸಾಗಬಹುದು. 22, 23, 24, 31, 33, 34, 45 ಎಲ್ಲದರಲ್ಲೂ ತೆಗೆಯುವುದು, ಕೂರಿಸುವುದು, ಪರೀಕ್ಷೆ, ದೋಷ ಶೋಧನೆ ಹರಡಿರಲಿ. ಆರು ತಿಂಗಳಿಗೊಮ್ಮೆ ಯಾವ ಅಧ್ಯಾಯ ಖಾಲಿಯಿದೆ ಎಂದು ನೋಡಿ, ಆ ಕೆಲಸವನ್ನು ಪಾಳಿ ಮೇಲ್ವಿಚಾರಕರಲ್ಲಿ ಬಾಯಿಬಿಟ್ಟು ಕೇಳಿ ಪಡೆಯಿರಿ. ಸಹಿ ಹಾಕುವವರು ನಿವೃತ್ತರಾಗುವ, ಊರು ಬಿಡುವ ಮೊದಲೇ ಪುಟಗಳಿಗೆ ಸಹಿ ಆಗಿರಲಿ, ಒಂದು ಪ್ರತಿ ಬೇರೆ ಕಡೆ ಇರಲಿ.